ಪಿಂಕ್ ಫ್ಲಾಯ್ಡ್‌ನಲ್ಲಿ ನಿಮ್ಮ ಮೆಚ್ಚಿನ ಆಲ್ಬಂ, ಮೆಚ್ಚಿನ ಹಾಡು ಆರಿಸಿಕೊಳ್ಳೋದು ಹೇಗೆ: ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಅಂದರೆ ಪ್ರಾಣ ಅನ್ನುವವರನ್ನು ಹಿಡಿದು, ನಿಮಗಿಷ್ಟದ ಹಾಡು ಯಾವುದು ಅಂತ ಕೇಳಿ ನೋಡಿ. ಮುಕ್ಕಾಲುಪಾಲು ಜನ ಅದೇ ಮೂರು ಹೆಸರು ಹೇಳುತ್ತಾರೆ: 'ವಿಶ್ ಯು ವರ್ ಹಿಯರ್', 'ಕಂಫರ್ಟಬ್ಲಿ ನಂಬ್', 'ಅನದರ್ ಬ್ರಿಕ್ ಇನ್ ದ ವಾಲ್'. ಮೂರೂ ಒಳ್ಳೆಯ ಹಾಡುಗಳೇ, ತಕರಾರಿಲ್ಲ. ಆದರೆ ಅವನ್ನು ಯಾರೂ ಕೂತು ಆರಿಸಿಕೊಂಡಿರುವುದಿಲ್ಲ. ಹಾಸ್ಟೆಲಿನಲ್ಲಿ ರೂಮ್‌ಮೇಟ್ ಹಾಕಿದ್ದು, ಪಬ್‌ನಲ್ಲಿ ಎಲ್ಲರೂ ಒಟ್ಟಿಗೆ ಕಿರುಚಿದ್ದು, ಆ್ಯಪ್ ತಾನಾಗೇ ಮುಂದಕ್ಕೆ ತಳ್ಳಿದ್ದು, ಹೀಗೆ ಪಾಲಿಗೆ ಬಂದವು ಅಷ್ಟೇ.

ಈ ಬ್ಯಾಂಡ್ 1967ರಿಂದ 2014ರವರೆಗೆ 15 ಸ್ಟುಡಿಯೋ ಆಲ್ಬಂ ಬಿಡುಗಡೆ ಮಾಡಿದೆ. ಅಷ್ಟರಲ್ಲಿ ಮೂರೇ ಹಾಡು ಗೊತ್ತು ಅಂದರೆ ಏನು ಪ್ರಯೋಜನ? ಇವರ ವಿಷಯದಲ್ಲಿ ನಾನು ಹೇಳುವುದು ಒಂದೇ ಮಾತು: ಮೊದಲು ಆಲ್ಬಂ ಆರಿಸಿ, ಆಮೇಲೆ ಹಾಡು. ಬೇರೆ ಬ್ಯಾಂಡುಗಳಿಗೆ ಇದು ಅಷ್ಟಾಗಿ ಹೊಂದುವುದಿಲ್ಲ. ಇವರು ಮಾತ್ರ ಹಾಡಿನ ಬೆನ್ನಿಗೆ ಹಾಡು ಹೊಲಿದು, ಎಲ್ಪಿ ತಟ್ಟೆಯ ಎರಡೂ ಬದಿ ಸೇರಿ ಒಂದೇ ಕೃತಿ ಅನ್ನುವ ಹಾಗೆ ಆಲ್ಬಂ ಕಟ್ಟಿದವರು. ನಡುವಿನಿಂದ ಒಂದು ತುಂಡು ಕಿತ್ತು ಕೇಳಿದರೆ ಅದರ ಅರ್ಧ ಬಲ ಅಲ್ಲೇ ಹೋಯಿತು.

ಹಂತ 1: ಮೊದಲು ಫೋನ್ ಸರಿಮಾಡಿಕೊಳ್ಳಿ

ಇದು ಸಣ್ಣ ವಿಷಯ ಅನ್ನಿಸಬಹುದು, ಅಲ್ಲ. ನೀವು ಬಳಸುವ ಮ್ಯೂಸಿಕ್ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ. ಶಫಲ್ ಆಫ್ ಮಾಡಿ. ಕ್ರಾಸ್‌ಫೇಡ್ ಅಂತ ಒಂದಿರುತ್ತದೆ, ಒಂದು ಹಾಡು ಮುಗಿಯುವ ಮೊದಲೇ ಮುಂದಿನದನ್ನು ಅದರ ಮೇಲೆ ಹೇರುವುದು. ಅದನ್ನು ಸೊನ್ನೆಗೆ ಇಳಿಸಿ. ಗ್ಯಾಪ್‌ಲೆಸ್ (ಹಾಡುಗಳ ನಡುವೆ ಅಂತರ ಬಿಡದಿರುವುದು) ಅಂತ ಇದ್ದರೆ ಆನ್ ಮಾಡಿ. ಹಾಡುಗಳ ನಡುವೆ ಜಾಹೀರಾತು ಬರುವ ಪುಕ್ಕಟೆ ಖಾತೆ ನಿಮ್ಮದಾಗಿದ್ದರೆ ದಯವಿಟ್ಟು ಬೇರೆ ದಾರಿ ನೋಡಿಕೊಳ್ಳಿ. ಪರಿಚಿತರ ಹತ್ತಿರ ಸಿಡಿ ಸಿಕ್ಕರೂ ಆದೀತು. ಇವರ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಂನಲ್ಲಿ (ಚಿಕ್ಕದಾಗಿ 'ಡಾರ್ಕ್ ಸೈಡ್') 'ಬ್ರೇನ್ ಡ್ಯಾಮೇಜ್' ಮುಗಿದು 'ಎಕ್ಲಿಪ್ಸ್' ಶುರುವಾಗುವ ಜಾಗದಲ್ಲಿ ಶಾಂಪೂ ಜಾಹೀರಾತು ಬಂದರೆ ಅಲ್ಲಿಗೆ ಮುಗಿಯಿತು.

ಇನ್ನೊಂದು ಎಚ್ಚರಿಕೆ, ವಾಲ್ಯೂಮ್ ಬಗ್ಗೆ. 'ಡಾರ್ಕ್ ಸೈಡ್' ಶುರುವಾಗುವುದು ಎದೆಬಡಿತದ ಸದ್ದಿನಿಂದ. ತುಂಬಾ ಮೆಲ್ಲಗೆ. ಏನೂ ಕೇಳಿಸುತ್ತಿಲ್ಲವಲ್ಲ ಅಂತ ಎಲ್ಲರೂ ವಾಲ್ಯೂಮ್ ಏರಿಸುತ್ತಾರೆ. ಸ್ವಲ್ಪ ಹೊತ್ತಿಗೆ 'ಟೈಮ್' ಹಾಡು ಬರುತ್ತದೆ, ಹತ್ತಾರು ಗಡಿಯಾರ ಒಟ್ಟಿಗೆ ಬಡಿದುಕೊಳ್ಳುತ್ತವೆ, ಹೆಡ್‌ಫೋನ್ ಕಿತ್ತು ಬಿಸಾಡುವ ಹಾಗಾಗುತ್ತದೆ. ಆ ಗಡಿಯಾರಗಳನ್ನು ಸೌಂಡ್ ಎಂಜಿನಿಯರ್ ಅಲನ್ ಪಾರ್ಸನ್ಸ್ ಹಳೇ ಗಡಿಯಾರದ ಅಂಗಡಿಯೊಂದರಲ್ಲಿ ಒಂದೊಂದಾಗಿ ರೆಕಾರ್ಡ್ ಮಾಡಿಕೊಂಡು ಬಂದಿದ್ದರು. ಆದ್ದರಿಂದ ಎದೆಬಡಿತ ಮೆಲ್ಲಗೇ ಇರಲಿ, ಬಿಡಿ.

ಹೆಡ್‌ಫೋನ್ ದುಬಾರಿಯದೇ ಬೇಕು ಅಂತಿಲ್ಲ. ಎರಡೂ ಕಿವಿಗೆ ಬೇರೆ ಬೇರೆ ಸದ್ದು ಸರಿಯಾಗಿ ಬಂದರೆ ಸಾಕು. 'ಮನಿ' ಹಾಡಿನ ಶುರುವಿನಲ್ಲಿ ಚಿಲ್ಲರೆ ಕಾಸಿನ ಝಣಝಣ, ಕಾಗದ ಹರಿಯುವ ಸದ್ದು, ಗಲ್ಲಾಪೆಟ್ಟಿಗೆಯ ಟಿಂಗ್ ಎಲ್ಲ ತಾಳಕ್ಕೆ ಸರಿಯಾಗಿ ಬರುತ್ತವಲ್ಲ, ಅದು ಟೇಪನ್ನು ಕತ್ತರಿಸಿ ಅಂಟಿಸಿ ಮಾಡಿದ ಕೆಲಸ. ಆ ಕಾಲಕ್ಕೆ ಕಂಪ್ಯೂಟರ್ ಎಲ್ಲಿತ್ತು? ತಾಳ ಎಣಿಸಿ ನೋಡಿ, ಏಳು ಬರುತ್ತದೆ. ಗಿಟಾರ್ ಸೋಲೋ ಬಂದಾಗ ನಾಲ್ಕಕ್ಕೆ ಜಾರುತ್ತದೆ. ಮೊಬೈಲ್ ಸ್ಪೀಕರಿನಲ್ಲಿ ಇದರ ಕಾಲುಭಾಗವೂ ಸಿಗುವುದಿಲ್ಲ.

ಹಂತ 2: ಇದು ಒಂದು ಬ್ಯಾಂಡ್ ಅಲ್ಲ ಅಂತ ತಿಳಿದುಕೊಳ್ಳಿ

ಹೆಸರು ಒಂದೇ, ಒಳಗೆ ನಾಲ್ಕೈದು ಬ್ಯಾಂಡ್ ಇವೆ. ಯಾರ ಕೈಯಲ್ಲಿ ಲಗಾಮು ಇತ್ತು ಅನ್ನುವುದರ ಮೇಲೆ ಭಾಗ ಮಾಡಿಕೊಂಡರೆ ಆರಿಸುವುದು ಸುಲಭ.

ಶುರುವಿನಲ್ಲಿ ಸಿಡ್ ಬ್ಯಾರೆಟ್. ಬ್ಯಾಂಡಿಗೆ ಹೆಸರಿಟ್ಟವನೂ ಅವನೇ, ಪಿಂಕ್ ಆಂಡರ್ಸನ್ ಮತ್ತು ಫ್ಲಾಯ್ಡ್ ಕೌನ್ಸಿಲ್ ಅನ್ನುವ ಇಬ್ಬರು ಅಮೆರಿಕದ ಬ್ಲೂಸ್ ಗಾಯಕರ ಹೆಸರು ಸೇರಿಸಿ. 1967ರ 'ದ ಪೈಪರ್ ಅಟ್ ದ ಗೇಟ್ಸ್ ಆಫ್ ಡಾನ್' ಹೆಚ್ಚುಕಡಿಮೆ ಅವನದೇ. ಮಕ್ಕಳ ಕಥೆಯಂಥ ಸಾಹಿತ್ಯ, ವಿಚಿತ್ರ ಸದ್ದು. ಮಾನಸಿಕ ಸ್ಥಿತಿ ಹದಗೆಟ್ಟು 1968ರಲ್ಲಿ ಬ್ಯಾಂಡ್ ಬಿಟ್ಟ. ಅಷ್ಟರಲ್ಲಾಗಲೇ ಗಿಟಾರಿನ ಡೇವಿಡ್ ಗಿಲ್ಮರ್ ಬಂದು ಸೇರಿದ್ದ.

1968ರಿಂದ 1972ರವರೆಗೆ ಹುಡುಕಾಟದ ಕಾಲ. ಸಿಡ್ ಇಲ್ಲದೆ ನಾವು ಯಾರು ಅಂತ ಗೊತ್ತಿಲ್ಲದೆ ಸಿನಿಮಾ ಸಂಗೀತ, ಆರ್ಕೆಸ್ಟ್ರಾ, ನಾಯಿ ಊಳಿಡುವ ಹಾಡು, ಎಲ್ಲ ಮಾಡಿ ನೋಡಿದರು. ಆಮೇಲೆ 1973ರಿಂದ 1979ರವರೆಗಿನ ನಾಲ್ಕು ಆಲ್ಬಂ: 'ದ ಡಾರ್ಕ್ ಸೈಡ್ ಆಫ್ ದ ಮೂನ್', 'ವಿಶ್ ಯು ವರ್ ಹಿಯರ್', 'ಅನಿಮಲ್ಸ್', 'ದ ವಾಲ್'. ಜಗತ್ತು ಪಿಂಕ್ ಫ್ಲಾಯ್ಡ್ ಅನ್ನುವುದು ಇದನ್ನೇ. ಸಾಹಿತ್ಯ ಪೂರ್ತಿ ಬೇಸ್ ಗಿಟಾರಿನ ರಾಜರ್ ವಾಟರ್ಸ್‌ದು. ಅವನ ಹಿಡಿತ ಆಲ್ಬಂನಿಂದ ಆಲ್ಬಂಗೆ ಬಿಗಿಯಾಗುತ್ತಾ ಹೋಗಿದ್ದು ಕೇಳಿದರೇ ಗೊತ್ತಾಗುತ್ತದೆ. 1983ರ 'ದ ಫೈನಲ್ ಕಟ್' ಬರುವಷ್ಟರಲ್ಲಿ ಅದು ಅವನೊಬ್ಬನದೇ ಆಲ್ಬಂ ಆಗಿತ್ತು, ಕೀಬೋರ್ಡಿನ ರಿಚರ್ಡ್ ರೈಟ್ ಬ್ಯಾಂಡಿನಲ್ಲೇ ಇರಲಿಲ್ಲ. ವಾಟರ್ಸ್ 1985ರಲ್ಲಿ ಹೊರಗೆ ಹೋದ. ಗಿಲ್ಮರ್ ನೇತೃತ್ವದಲ್ಲಿ 1987, 1994, 2014ರಲ್ಲಿ ಮೂರು ಆಲ್ಬಂ ಬಂದವು. ಮೊದಲಿಂದ ಕೊನೆಯವರೆಗೂ ಪ್ರತಿ ಆಲ್ಬಂನಲ್ಲೂ ಇರುವವನು ಒಬ್ಬನೇ, ಡ್ರಮ್ಸ್ ಬಾರಿಸುವ ನಿಕ್ ಮೇಸನ್.

ಇಷ್ಟು ತಲೆಯಲ್ಲಿದ್ದರೆ ಸಾಕು. ಮುಂದೆ ಯಾವುದೋ ಹಾಡು ಇಷ್ಟವಾದಾಗ 'ಇದು ಯಾವ ಕಾಲದ್ದು' ಅಂತ ನೋಡಿ. ಅದರ ಅಕ್ಕಪಕ್ಕದಲ್ಲೇ ನಿಮಗೆ ಬೇಕಾದ ಇನ್ನೂ ನಾಲ್ಕು ಹಾಡು ಇರುತ್ತವೆ.

ಹಂತ 3: ಕೇಳುವ ಸರದಿ

ಇಸವಿ ಹಿಡಿದು ಒಂದರಿಂದ ಹದಿನೈದು ಅಂತ ಕೇಳಲು ಹೋಗಬೇಡಿ. 1969ರ 'ಉಮ್ಮಗುಮ್ಮ' ಬರುವಷ್ಟರಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತೀರಿ. ಅದರ ಸ್ಟುಡಿಯೋ ಭಾಗದಲ್ಲಿ ನಾಲ್ವರಿಗೂ ಅರ್ಧರ್ಧ ಬದಿ ಹಂಚಿ, ನಿಮಗೆ ತೋಚಿದ್ದು ಮಾಡಿ ಅಂತ ಬಿಟ್ಟಿದ್ದರು. ಆಗಿದ್ದೂ ಹಾಗೇ ಇದೆ.

ಶುರುವಿಗೆ 'ವಿಶ್ ಯು ವರ್ ಹಿಯರ್' (1975) ಹಾಕಿ. ಐದೇ ಟ್ರ್ಯಾಕ್, ಸುಮಾರು 44 ನಿಮಿಷ. 'ಶೈನ್ ಆನ್ ಯು ಕ್ರೇಜಿ ಡೈಮಂಡ್' ಒಂಬತ್ತು ಭಾಗದ ಹಾಡು, ಅದನ್ನು ಎರಡಾಗಿ ಸೀಳಿ ಆಲ್ಬಂನ ಮೊದಲಿಗೂ ಕೊನೆಗೂ ಇಟ್ಟಿದ್ದಾರೆ. ಶುರುವಾದ ಮೇಲೆ ಎಂಟು ನಿಮಿಷ ದಾಟುವವರೆಗೆ ಬಾಯಿಮಾತೇ ಇಲ್ಲ. ಸುಮಾರು ನಾಲ್ಕನೇ ನಿಮಿಷದಲ್ಲಿ ಗಿಟಾರಿನ ನಾಲ್ಕು ಸ್ವರ ಬರುತ್ತವೆ, ಮತ್ತೆ ಮತ್ತೆ ಅದೇ ನಾಲ್ಕು. ಇಡೀ ಹಾಡು ಹುಟ್ಟಿದ್ದೇ ಅವುಗಳಿಂದ. ಧಾರವಾಡದ ಕಡೆ ಕೂತು ಖಯಾಲ್ ಕೇಳಿ ಅಭ್ಯಾಸ ಇರುವವರಿಗೆ ಈ ನಿಧಾನ ಹೊಸದೇನಲ್ಲ, ಆಲಾಪ ಮುಗಿಯಲಿ ಅಂತ ಕಾಯುವುದು ಗೊತ್ತಿರುತ್ತದೆ. ಉಳಿದವರು ಸ್ವಲ್ಪ ತಾಳ್ಮೆ ಇಟ್ಟುಕೊಳ್ಳಿ.

ಆ ಹಾಡು ಸಿಡ್ ಬ್ಯಾರೆಟ್ ಮೇಲೆ ಬರೆದದ್ದು. 1975ರ ಜೂನ್ 5ರಂದು ಆಬ್ಬಿ ರೋಡ್ ಸ್ಟುಡಿಯೋದಲ್ಲಿ ಇದೇ ಹಾಡಿನ ಮಿಕ್ಸಿಂಗ್ ನಡೆಯುತ್ತಿದ್ದಾಗ ದಪ್ಪಗಿನ ಒಬ್ಬ ಮನುಷ್ಯ ಒಳಗೆ ಬಂದು ನಿಂತಿದ್ದ. ತಲೆ ಬೋಳು, ಹುಬ್ಬೂ ಬೋಳು. ಯಾರಪ್ಪಾ ಇವನು ಅಂತ ಎಲ್ಲರೂ ನೋಡಿದರು. ಸಿಡ್! ಜೊತೆಗೆ ಬೆಳೆದ ಗೆಳೆಯರಿಗೇ ಗುರುತು ಸಿಗಲಿಲ್ಲ. ಇದು ಗೊತ್ತಿದ್ದು ಆ ಆಲ್ಬಂ ಕೇಳಿದರೆ ಕೊನೆಯ ಭಾಗ ಬೇರೆಯೇ ಆಗುತ್ತದೆ, ಅಲ್ವಾ?

ಆಲ್ಬಂನ ಹೆಸರಿನದೇ ಹಾಡು ಬಂದಾಗ ಶುರುವಿಗೆ ಕಿವಿ ಕೊಡಿ. ಯಾರೋ ರೇಡಿಯೋ ಸ್ಟೇಷನ್ ತಿರುಗಿಸುತ್ತಿದ್ದಾರೆ. ಒಂದು ಗಿಟಾರ್ ರೇಡಿಯೋದೊಳಗಿಂದ ಬಂದ ಹಾಗೆ ಸಣ್ಣಗೆ, ತೆಳ್ಳಗೆ ನುಡಿಯುತ್ತದೆ. ಆಮೇಲೆ ಅದೇ ಕೋಣೆಯಲ್ಲಿ ಕೂತ ಇನ್ನೊಬ್ಬ ತನ್ನ ಗಿಟಾರ್ ಎತ್ತಿಕೊಂಡು ಅದಕ್ಕೆ ಜೊತೆ ಕೊಡುತ್ತಾನೆ. ನಡುವೆ ಅವನು ಕೆಮ್ಮುವುದೂ ಕೇಳಿಸುತ್ತದೆ, ಮೂಗೆಳೆಯುವುದೂ. ಆ ಕೆಮ್ಮು ಸಿಕ್ಕಿತು ಅಂದರೆ ನೀವು ಸರಿಯಾಗಿ ಕೇಳುತ್ತಿದ್ದೀರಿ ಅಂತ ಲೆಕ್ಕ.

ಎರಡನೆಯದು 'ಡಾರ್ಕ್ ಸೈಡ್' (1973). ಬಿಡುಗಡೆಗೆ ಒಂದು ವರ್ಷ ಮೊದಲೇ, 1972ರ ಶುರುವಿನಿಂದಲೇ ಇದನ್ನು ವೇದಿಕೆಯಲ್ಲಿ ನುಡಿಸಿ ನುಡಿಸಿ ಹದ ಮಾಡಿದ್ದರು. ಅದಕ್ಕೇ ಎಲ್ಲೂ ಒಂದು ಸೆಕೆಂಡ್ ಜಾಸ್ತಿ ಇಲ್ಲ. ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1973ರಿಂದ 1988ರ ನಡುವೆ 741 ವಾರ ಇತ್ತು. ಅದರ ಮುಖಪುಟದ ತ್ರಿಕೋನದ ಪ್ರಿಸಂ ಚಿತ್ರದ ಟೀ ಶರ್ಟ್ ನಮ್ಮಲ್ಲಿ ಫುಟ್‌ಪಾತಿನಲ್ಲೂ ಸಿಗುತ್ತದೆ, ಹಾಕಿಕೊಂಡವರು ಆಲ್ಬಂ ಕೇಳಿರಬೇಕು ಅಂತೇನಿಲ್ಲ, ಇರಲಿ. ಹಾಡುಗಳ ನಡುವೆ ಯಾರ್ಯಾರೋ ಮಾತಾಡುತ್ತಾರೆ, ನಗುತ್ತಾರೆ. ವಾಟರ್ಸ್ ಚೀಟಿಯಲ್ಲಿ ಪ್ರಶ್ನೆ ಬರೆದು ಸ್ಟುಡಿಯೋದಲ್ಲಿದ್ದವರಿಗೆಲ್ಲ ಕೇಳಿ ರೆಕಾರ್ಡ್ ಮಾಡಿದ ಉತ್ತರಗಳು ಅವು. ಬೀಟಲ್ಸ್ ಬ್ಯಾಂಡಿನ ಪಾಲ್ ಮೆಕಾರ್ಟ್ನಿಯನ್ನೂ ಕೇಳಿದ್ದರು, ಅವನ ಉತ್ತರ ಬಳಸಲಿಲ್ಲ. ಬಾಗಿಲು ಕಾಯುತ್ತಿದ್ದ ಜೆರಿ ಓಡ್ರಿಸ್ಕಾಲ್ ಹೇಳಿದ ಮಾತು ಮಾತ್ರ ಆಲ್ಬಂನ ಕೊನೆಯ ಮಾತಾಗಿ ಉಳಿದಿದೆ. ಬೀಟಲ್‌ನನ್ನು ಬಿಟ್ಟು ಬಾಗಿಲು ಕಾಯುವವನನ್ನು ಇಟ್ಟುಕೊಂಡರು ನೋಡಿ. ಈ ಬ್ಯಾಂಡ್ ಮೇಲೆ ನನಗೆ ಪ್ರೀತಿ ಇರುವುದು ಇಂಥದ್ದಕ್ಕೇ.

ಮೂರನೆಯದು 'ಮೆಡಲ್' (1971), ಅದರಲ್ಲೂ ಎರಡನೇ ಬದಿ ಪೂರ್ತಿ ತುಂಬಿರುವ 'ಎಕೋಸ್'. ಇದರ ಬಗ್ಗೆ ಮುಂದಿನ ಹಂತದಲ್ಲಿ ಹೇಳುತ್ತೇನೆ.

ನಾಲ್ಕನೆಯದು 'ಅನಿಮಲ್ಸ್' (1977). ಮನುಷ್ಯರನ್ನು ನಾಯಿ, ಹಂದಿ, ಕುರಿ ಅಂತ ಮೂರು ಜಾತಿ ಮಾಡಿ ಬೈದಿರುವ ಆಲ್ಬಂ. ರೇಡಿಯೋದಲ್ಲಿ ಹಾಕುವಂಥ ಹಾಡು ಒಂದೂ ಇಲ್ಲ. ಶುರುವಿಗೂ ಕೊನೆಗೂ ಒಂದೂವರೆ ನಿಮಿಷದ ಒಂದೊಂದು ಪುಟ್ಟ ಪ್ರೇಮಗೀತೆ, ನಡುವೆ ಹತ್ತರಿಂದ ಹದಿನೇಳು ನಿಮಿಷದ ಮೂರು ದೈತ್ಯ ಹಾಡು. ಮುಖಪುಟದಲ್ಲಿ ಲಂಡನ್ನಿನ ಬ್ಯಾಟರ್ಸೀ ವಿದ್ಯುತ್ ಸ್ಥಾವರ, ಅದರ ಚಿಮಣಿಗಳ ನಡುವೆ ತೇಲುವ ಹಂದಿ. 1976ರ ಡಿಸೆಂಬರಿನಲ್ಲಿ ಆ ಫೋಟೋ ತೆಗೆಯುವಾಗ ಗಾಳಿ ತುಂಬಿದ ಹಂದಿ ಹಗ್ಗ ಕಿತ್ತುಕೊಂಡು ವಿಮಾನ ಹಾರುವ ದಾರಿಗೆ ನುಗ್ಗಿ, ಕೊನೆಗೆ ಕೆಂಟ್ ಕಡೆಯ ಹೊಲವೊಂದರಲ್ಲಿ ಹೋಗಿ ಬಿತ್ತು.

ಐದನೆಯದು 'ದ ವಾಲ್' (1979). ಇದನ್ನು ಮೊದಲೇ ಕೇಳಬೇಡಿ ಅನ್ನಲು ಕಾರಣವಿದೆ. 26 ಹಾಡು, 80 ನಿಮಿಷ ದಾಟುತ್ತದೆ, ಇಡೀ ಆಲ್ಬಂ ಪಿಂಕ್ ಅನ್ನುವ ಒಬ್ಬ ಗಾಯಕನ ಕಥೆ. ಕಥೆ ಹಿಡಿಯದಿದ್ದರೆ ಎಷ್ಟೋ ಹಾಡು ಬರೀ ಗೊಣಗಾಟ ಅನ್ನಿಸುತ್ತದೆ. ಸಾಹಿತ್ಯ ಮುಂದಿಟ್ಟುಕೊಂಡು, ರಜಾ ದಿನ ನೋಡಿ, ಒಂದೇ ಸಲಕ್ಕೆ ಕೇಳಿ. ಕೊನೆಯಲ್ಲಿ ಒಂದು ವಾಕ್ಯ ಅರ್ಧಕ್ಕೆ ಕತ್ತರಿಸುತ್ತದೆ. ಅದರ ಇನ್ನರ್ಧ ಎಲ್ಲಿದೆ ಅಂತೀರಿ? ಆಲ್ಬಂನ ಮೊದಲ ಸೆಕೆಂಡಿನಲ್ಲಿ.

ಇವೈದು ಆದಮೇಲೆ 'ಪೈಪರ್' ಕೇಳಿ. ಬೇರೆ ಬ್ಯಾಂಡ್ ಅಂದುಕೊಂಡೇ ಕೇಳಿ. 'ಆರ್ನಾಲ್ಡ್ ಲೇಯ್ನ್', 'ಸೀ ಎಮಿಲಿ ಪ್ಲೇ' ಎರಡೂ ಅದೇ ವರ್ಷ ಬಿಡಿಯಾಗಿ ಬಂದ ಸಿಂಗಲ್‌ಗಳು, ಬ್ರಿಟನ್ನಿನ ಆಲ್ಬಂನಲ್ಲಿ ಇರಲಿಲ್ಲ. ಅವನ್ನು ಹುಡುಕಿ ಜೊತೆಗೆ ಸೇರಿಸಿಕೊಳ್ಳಿ. ಉಳಿದ ಆಲ್ಬಂಗಳು ಬಿಡುವಾದಾಗ.

ಹಂತ 4: ಇಪ್ಪತ್ಮೂರು ನಿಮಿಷದ ಹಾಡು ಕೇಳುವುದು ಹೇಗೆ

ಜನ ಸೋಲುವುದು ಇಲ್ಲೇ. 'ಎಕೋಸ್' ಹಾಕುತ್ತಾರೆ, ಏಳನೇ ನಿಮಿಷಕ್ಕೆ ವಾಟ್ಸ್ಯಾಪ್ ತೆರೆಯುತ್ತಾರೆ. ದಾರಿಯಲ್ಲಿ ಏನೇನು ಸಿಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಹೀಗಾಗುವುದಿಲ್ಲ.

ಮೊದಲು ಒಂದು 'ಪಿಂಗ್'. ನೀರಿನಾಳದಿಂದ ಬಂದಂತೆ. ರೈಟ್ ನುಡಿಸಿದ ಪಿಯಾನೋದ ಒಂದೇ ಸ್ವರವನ್ನು ತಿರುಗುವ ಲೆಸ್ಲಿ ಸ್ಪೀಕರಿನಲ್ಲಿ ಹಾಯಿಸಿ ಮಾಡಿದ್ದು. ಮೂರು ನಿಮಿಷದ ಹೊತ್ತಿಗೆ ಗಿಲ್ಮರ್ ಮತ್ತು ರೈಟ್ ಒಟ್ಟಿಗೆ ಹಾಡುತ್ತಾರೆ. ಎರಡು ದನಿ ಎಲ್ಲಿ ಬೇರೆ ಅಂತ ಹೇಳಲಾಗುವುದಿಲ್ಲ. ಏಳರಿಂದ ಹನ್ನೊಂದರವರೆಗೆ ತಾಳ ಹಿಡಿದು ಕುಣಿಸುವ ಭಾಗ, ತಲೆ ತಾನಾಗೇ ಆಡುತ್ತದೆ. ಹನ್ನೊಂದು ದಾಟಿದ ಮೇಲೆ ತಾಳ ಎಲ್ಲ ಕರಗಿ ಗಾಳಿ, ಕಾಗೆ, ತಿಮಿಂಗಿಲದ ಕೂಗು. ಆ ಕೂಗು ಗಿಟಾರಿನದು, ಗಿಟಾರಿನ ಸದ್ದು ಬದಲಿಸುವ ವಾ-ವಾ ಪೆಡಲಿಗೆ ವೈರು ಉಲ್ಟಾ ಚುಚ್ಚಿದಾಗ ಬರುವ ಸದ್ದು. ಬಹಳ ಜನ ಇಲ್ಲಿ ಮುಂದಕ್ಕೆ ಓಡಿಸುತ್ತಾರೆ. ಓಡಿಸಬೇಡಿ! ಸುಮಾರು ಹದಿನೈದನೇ ನಿಮಿಷಕ್ಕೆ ಆ ಕತ್ತಲೆಯೊಳಗಿಂದ ಮತ್ತೆ ಅದೇ 'ಪಿಂಗ್' ಬರುತ್ತದೆ. ಅಲ್ಲಿಂದ ಒಂದೊಂದೇ ವಾದ್ಯ ಸೇರುತ್ತಾ ಹತ್ತೊಂಬತ್ತನೇ ನಿಮಿಷಕ್ಕೆ ಹಾಡು ವಾಪಸ್ ಬರುವವರೆಗಿನ ನಾಲ್ಕು ನಿಮಿಷ ಇದೆಯಲ್ಲ, ಮೊದಲ ಹದಿನೈದು ನಿಮಿಷ ಕೂತಿದ್ದವರಿಗೆ ಮಾತ್ರ ಅದರ ಬೆಲೆ ಗೊತ್ತಾಗುತ್ತದೆ.

ಅದೇ ರೀತಿ 'ಅನಿಮಲ್ಸ್'ನ 'ಡಾಗ್ಸ್'ಗೂ ಗುರುತು ಹಾಕಿಕೊಳ್ಳಿ. ಮೊದಲರ್ಧ ಗಿಲ್ಮರ್ ಹಾಡುತ್ತಾನೆ, ನಡುವೆ ಸಿಂಥಸೈಜರ್ ನಿಧಾನಕ್ಕೆ ಹಬ್ಬುತ್ತದೆ, ಅದರೊಳಗೆ ನಾಯಿ ಬೊಗಳುವ ಸದ್ದು ಯಂತ್ರದಲ್ಲಿ ಹಾಯ್ದು ವಿಕಾರವಾಗಿ ಕೇಳುತ್ತದೆ, ಆಮೇಲೆ ವಾಟರ್ಸ್ ಶುರು ಮಾಡುತ್ತಾನೆ. ಒಂದೇ ಹಾಡು, ಇಬ್ಬರು ಮನುಷ್ಯರು. ಈ ಹಾಡು 1974ರಲ್ಲೇ ಬೇರೆ ಹೆಸರಿನಲ್ಲಿ ವೇದಿಕೆಯ ಮೇಲೆ ಬಂದಿತ್ತು, 'ಶೀಪ್' ಕೂಡ.

ಹಂತ 5: ಯಾರ ದನಿ, ಯಾರ ಬೆರಳು ಅಂತ ಬಿಡಿಸಿ ನೋಡಿ

ನಿಮಗೆ ಈ ಬ್ಯಾಂಡಿನಲ್ಲಿ ನಿಜಕ್ಕೂ ಇಷ್ಟವಾಗುತ್ತಿರುವುದು ಏನು ಅಂತ ಕಂಡುಹಿಡಿಯುವುದು ಇಲ್ಲಿ. ಕೆಲವರಿಗೆ ಸಾಹಿತ್ಯ. ಕೆಲವರಿಗೆ ಗಿಟಾರ್. ಇನ್ನು ಕೆಲವರಿಗೆ ಕೀಬೋರ್ಡಿನ ಆ ಮೋಡದಂಥ ಸದ್ದು, ಆದರೆ ಅದು ಕೀಬೋರ್ಡ್ ಅಂತ ಅವರಿಗೇ ಗೊತ್ತಿರುವುದಿಲ್ಲ.

'ಕಂಫರ್ಟಬ್ಲಿ ನಂಬ್' ಹಾಕಿ. ಡಾಕ್ಟರ್ ಮಾತಾಡುವ ಭಾಗ ವಾಟರ್ಸ್ ದನಿ, ಪಲ್ಲವಿ ಗಿಲ್ಮರ್ ದನಿ. ಎರಡು ಗಿಟಾರ್ ಸೋಲೋ ಇವೆ. ಮೊದಲನೆಯದು ಸಮಾಧಾನ ಮಾಡುತ್ತದೆ, ಎರಡನೆಯದು ಅಳಿಸುತ್ತದೆ. ನೀವು ಯಾವ ಭಾಗಕ್ಕೆ ಕಾಯುತ್ತಿದ್ದೀರಿ ಗಮನಿಸಿ. ಡಾಕ್ಟರಿಗೆ ಕಾಯುವವರಾದರೆ 'ದ ವಾಲ್', 'ದ ಫೈನಲ್ ಕಟ್' ಕಡೆ ಹೋಗಿ. 'ಫೈನಲ್ ಕಟ್'ನಲ್ಲಿ ರಾಗ ಕಡಿಮೆ, ಸಿಟ್ಟು ಜಾಸ್ತಿ. 1944ರಲ್ಲಿ ಇಟಲಿಯ ಆಂಜಿಯೋದಲ್ಲಿ ಯುದ್ಧಕ್ಕೆ ಬಲಿಯಾದ ತನ್ನ ತಂದೆ, 1982ರ ಫಾಕ್‌ಲ್ಯಾಂಡ್ಸ್ ಯುದ್ಧ, ಎರಡನ್ನೂ ಒಟ್ಟಿಗೆ ಇಟ್ಟು ಬರೆದಿದ್ದಾನೆ ವಾಟರ್ಸ್. ಸೋಲೋಗೆ ಕಾಯುವವರಾದರೆ 1994ರ 'ದ ಡಿವಿಷನ್ ಬೆಲ್' ನಿಮಗೆ ಇಷ್ಟವಾಗುತ್ತದೆ, ಅದರಲ್ಲೂ ಕೊನೆಯ ಹಾಡು 'ಹೈ ಹೋಪ್ಸ್'. ವಾಟರ್ಸ್ ಇಲ್ಲದ ಬ್ಯಾಂಡು ಬ್ಯಾಂಡೇ ಅಲ್ಲ ಅನ್ನುವ ಕಟ್ಟಾಳುಗಳು ಮೂಗು ಮುರಿಯುತ್ತಾರೆ, ನೀವು ತಲೆ ಕೆಡಿಸಿಕೊಳ್ಳಬೇಡಿ.

ಸಮಾಧಾನದ ನಿಧಾನ ಹಾಡುಗಳು ಇಷ್ಟವಾದರೆ ನಿಮ್ಮ ಮನುಷ್ಯ ರಿಚರ್ಡ್ ರೈಟ್. 'ಅಸ್ ಆ್ಯಂಡ್ ದೆಮ್' ರಾಗ ಅವನದು. ಆಂಟೋನಿಯೋನಿಯ 'ಝಬ್ರಿಸ್ಕಿ ಪಾಯಿಂಟ್' ಸಿನಿಮಾಕ್ಕೆ ಅಂತ ಮಾಡಿದ್ದ, ನಿರ್ದೇಶಕ ಬೇಡ ಅಂದ. ಆ ಬೇಡ ಅಂದ ರಾಗ 'ಡಾರ್ಕ್ ಸೈಡ್'ನ ನಡುಭಾಗವಾಯಿತು. 'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಕೂಡ ಅವನ ಪಿಯಾನೋ. ಅದರ ಮೇಲೆ ಪದವೇ ಇಲ್ಲದೆ ಕೂಗಿ ಅತ್ತು ಇಳಿಯುವ ದನಿ ಕ್ಲೇರ್ ಟೋರಿಯದು. ಆ ದಿನದ ಸಂಬಳ ಅಂತ 30 ಪೌಂಡ್ ಕೊಟ್ಟು ಕಳಿಸಿದ್ದರು. ಅವರು ಮೊಕದ್ದಮೆ ಹಾಕಿದ ಮೇಲೆ, 2005ರಲ್ಲಿ ರಾಜಿಯಾಗಿ, ಹಾಡು ರಚಿಸಿದವರಲ್ಲಿ ಅವರ ಹೆಸರೂ ಸೇರಿತು.

ಒಂದು ಸಣ್ಣ ಪರೀಕ್ಷೆ ಬೇಕಾ? 'ಹ್ಯಾವ್ ಅ ಸಿಗಾರ್' ಕೇಳಿ ಯಾರು ಹಾಡಿದ್ದು ಅಂತ ಹೇಳಿ. ವಾಟರ್ಸೂ ಅಲ್ಲ, ಗಿಲ್ಮರೂ ಅಲ್ಲ. ಹೊರಗಿನವನಾದ ರಾಯ್ ಹಾರ್ಪರ್. ಈ ದನಿ ಬೇರೆ ಅಂತ ನಿಮಗೆ ಮೊದಲೇ ಅನ್ನಿಸಿದ್ದರೆ ಕಿವಿ ತಯಾರಾಗಿದೆ.

ಹಂತ 6: ಲೈವ್ ರೆಕಾರ್ಡಿಂಗ್ ಬೇರೆ ಇಡಿ

ಸ್ಟುಡಿಯೋ ಮತ್ತು ಲೈವ್ ಎರಡನ್ನೂ ಕಲಸಬೇಡಿ. ಲೈವ್‌ನಲ್ಲಿ ಜನರ ಚಪ್ಪಾಳೆ, ದೀಪ, ಗಿಟಾರಿನ ಉದ್ದ ಎಲ್ಲ ಸೇರಿ ಸಾಧಾರಣ ಹಾಡೂ ದೊಡ್ಡದಾಗಿ ಕಾಣಿಸುತ್ತದೆ. ಎರಡೇ ಸಾಕು: 1971ರಲ್ಲಿ ಇಟಲಿಯ ಪಾಂಪೆಯ ಹಳೇ ರಂಗಮಂದಿರದಲ್ಲಿ ಪ್ರೇಕ್ಷಕರೇ ಇಲ್ಲದೆ ಚಿತ್ರೀಕರಿಸಿದ್ದು, ಆಮೇಲೆ 1995ರ 'ಪಲ್ಸ್'. ಪಾಂಪೆಯಲ್ಲಿ 'ಎಕೋಸ್' ಇದೆ, ಪಲ್ಸ್‌ನಲ್ಲಿ ಪೂರ್ತಿ 'ಡಾರ್ಕ್ ಸೈಡ್' ಇದೆ. ಬೆಂಗಳೂರಿನವರಿಗೆ ಇನ್ನೊಂದು ಹಕ್ಕಿದೆ ಅನ್ನಿ, 2002ರಲ್ಲಿ ರಾಜರ್ ವಾಟರ್ಸ್ ಅರಮನೆ ಮೈದಾನದಲ್ಲೇ ಬಂದು ಹಾಡಿ ಹೋಗಿದ್ದಾನೆ. ಅಲ್ಲಿದ್ದವರು ಇವತ್ತಿಗೂ ಬೇರೆ ಯಾವ ಲೈವ್ ಹಾಕಿದರೂ ಒಪ್ಪುವುದಿಲ್ಲ, ಅವರ ಜೊತೆ ವಾದಕ್ಕಿಳಿಯಬೇಡಿ.

'ಬೆಸ್ಟ್ ಆಫ್' ಸಂಗ್ರಹಗಳ ಕಥೆಯೂ ಇಷ್ಟೇ. 2001ರ 'ಎಕೋಸ್: ದ ಬೆಸ್ಟ್ ಆಫ್ ಪಿಂಕ್ ಫ್ಲಾಯ್ಡ್' ಜೋಡಣೆ ಚೆನ್ನಾಗಿದೆ, ಆದರೆ ಉದ್ದ ಹಾಡುಗಳಿಗೆ ಕತ್ತರಿ ಬಿದ್ದಿದೆ. 'ಎಕೋಸ್' ಹಾಡಿನ ಹೆಸರನ್ನೇ ಸಂಗ್ರಹಕ್ಕೆ ಇಟ್ಟು ಅದೇ ಹಾಡನ್ನು ಏಳು ನಿಮಿಷದಷ್ಟು ಕತ್ತರಿಸಿದ್ದಾರೆ. ಕಾರಿನಲ್ಲಿ ಹಾಕಿಕೊಳ್ಳಲು ಸರಿ, ಆರಿಸಲು ಬೇಡ.

ಹಂತ 7: ಈಗ ಆರಿಸಿ

ಎರಡು ಪಟ್ಟಿ ಮಾಡಿ. ಒಂದು 'ಶ್ರೇಷ್ಠ', ಇನ್ನೊಂದು 'ನನ್ನದು'. ಮೊದಲನೆಯದರಲ್ಲಿ ನೀವು ಗೌರವ ಕೊಡುವ ಹಾಡುಗಳು, ಎರಡನೆಯದರಲ್ಲಿ ಪಾತ್ರೆ ತೊಳೆಯುವಾಗ ಗುನುಗುವ ಹಾಡುಗಳು. ಎರಡೂ ಒಂದೇ ಆಗಬೇಕು ಅಂತ ಹಟ ಬೇಡ. 'ಡಾರ್ಕ್ ಸೈಡ್' ಇವರ ಅತ್ಯುತ್ತಮ ಆಲ್ಬಂ ಅಂತ ನಾನೂ ಒಪ್ಪುತ್ತೇನೆ, ಆದರೆ ನನ್ನ ಆಲ್ಬಂ 'ಅನಿಮಲ್ಸ್'.

ಆಲ್ಬಂ ಆರಿಸಲು ಎರಡೆರಡನ್ನು ಎದುರುಬದುರು ನಿಲ್ಲಿಸಿ. ಇವೆರಡರಲ್ಲಿ ಒಂದನ್ನು ಇನ್ನು ಜನ್ಮದಲ್ಲಿ ಕೇಳುವಂತಿಲ್ಲ ಅಂದರೆ ಯಾವುದನ್ನು ಬಿಡುತ್ತೀರಿ? ಜಾಸ್ತಿ ಯೋಚಿಸಬೇಡಿ, ಬಾಯಿಗೆ ಮೊದಲು ಬಂದದ್ದೇ ಉತ್ತರ. ಉಳಿದದ್ದನ್ನು ಮುಂದಿನದರ ಎದುರು ನಿಲ್ಲಿಸಿ. ಒಂದೇ ಕೂತಿನಲ್ಲಿ ಮುಗಿಯುತ್ತದೆ.

ಹಾಡಿಗೆ ಬೇರೆ ಉಪಾಯ. ಒಂದು ವಾರ ಈ ಬ್ಯಾಂಡನ್ನೇ ಕೇಳಬೇಡಿ. ಆ ವಾರದಲ್ಲಿ ತಾನಾಗೇ ತಲೆಗೆ ಬರುವ ತುಣುಕುಗಳನ್ನು ಬರೆದಿಟ್ಟುಕೊಳ್ಳಿ. ಹಾಡಿನ ಹೆಸರು ಗೊತ್ತಾಗದಿದ್ದರೂ ಪರವಾಗಿಲ್ಲ, 'ಆ ನಾಯಿ ಬೊಗಳುವುದು', 'ಆ ಪಿಂಗ್' ಅಂತ ಬರೆದರೂ ಸಾಕು. ಪಬ್‌ನಲ್ಲಿ ಕೇಳಿದ ಹಾಡುಗಳು ಇಲ್ಲಿ ಅಷ್ಟಾಗಿ ಬರುವುದಿಲ್ಲ, ನೋಡುತ್ತಿರಿ.

ಪಟ್ಟಿ ಏಳು ಹಾಡು ದಾಟದಿರಲಿ, ಒಂದು ಆಲ್ಬಂನಿಂದ ಒಂದೇ ಹಾಡು. ಈ ಎರಡನೇ ನಿಯಮ ಕಷ್ಟ. ಬೇಕಂತಲೇ ಇಟ್ಟಿದ್ದು, ಇಲ್ಲದಿದ್ದರೆ ಏಳರಲ್ಲಿ ಐದು 'ಡಾರ್ಕ್ ಸೈಡ್'ದೇ ಆಗುತ್ತವೆ. ಜೊತೆಗೆ ಯಾರೂ ಹೇಳದ ಒಂದು ಹಾಡಾದರೂ ಇರಲಿ. 'ಮೆಡಲ್'ನಲ್ಲಿ 'ಫಿಯರ್‌ಲೆಸ್' ಇದೆ, ಕೊನೆಗೆ ಲಿವರ್‌ಪೂಲ್ ಫುಟ್‌ಬಾಲ್ ಅಭಿಮಾನಿಗಳು ಗ್ಯಾಲರಿಯಲ್ಲಿ ಒಟ್ಟಿಗೆ ಹಾಡುವುದನ್ನು ಸೇರಿಸಿದ್ದಾರೆ. 1970ರ 'ಆಟಂ ಹಾರ್ಟ್ ಮದರ್', ಅದೇ, ಮುಖಪುಟದಲ್ಲಿ ಬರೀ ಒಂದು ಹಸು ಇರುವ ಆಲ್ಬಂ, ಅದರಲ್ಲಿ ಗಿಲ್ಮರ್ ಬರೆದ 'ಫ್ಯಾಟ್ ಓಲ್ಡ್ ಸನ್' ಇದೆ. 1972ರ 'ಅಬ್ಸ್‌ಕ್ಯೂರ್ಡ್ ಬೈ ಕ್ಲೌಡ್ಸ್'ನಲ್ಲಿ 'ಚೈಲ್ಡ್‌ಹುಡ್ಸ್ ಎಂಡ್' ಕೇಳಿ, 'ಟೈಮ್' ಹಾಡಿನ ಅಣ್ಣ ಅನ್ನಿಸುತ್ತದೆ.

ನನ್ನ ಏಳು ಇವು, ಉದಾಹರಣೆಗೆ ಅಷ್ಟೇ: 'ಡಾಗ್ಸ್', 'ಟೈಮ್', 'ಶೈನ್ ಆನ್' ಮೊದಲ ಭಾಗ, 'ಫ್ಯಾಟ್ ಓಲ್ಡ್ ಸನ್', 'ಹೇ ಯು', 'ಹೈ ಹೋಪ್ಸ್', ಕೊನೆಗೆ 'ಎಕೋಸ್'. 'ಫಿಯರ್‌ಲೆಸ್' ಬಿಡಬೇಕಾಯಿತು, 'ಎಕೋಸ್' ಅದೇ ಆಲ್ಬಂನಲ್ಲಿದೆಯಲ್ಲ, ಹೊಟ್ಟೆ ಉರಿಯಿತು. 'ಕಂಫರ್ಟಬ್ಲಿ ನಂಬ್' ಬದಲು 'ಹೇ ಯು' ಇಟ್ಟಿದ್ದಕ್ಕೆ ಗೆಳೆಯರು ಬೈಯುತ್ತಾರೆ. ಬೈಯಲಿ. ಆ ಹಾಡಿನ ಶುರುವಿನಲ್ಲಿ ಬೇಸ್ ಗಿಟಾರ್ ಜಾರಿಕೊಂಡು ಒಳಗೆ ಬರುವ ಜಾಗ ನನಗೆ ಎರಡು ಸೋಲೋಗಿಂತ ಹೆಚ್ಚು.

ಹಂತ 8: ಪ್ಲೇಲಿಸ್ಟ್ ಜೋಡಿಸುವಾಗ

ಕೆಲವು ಹಾಡು ಜೋಡಿಯಾಗಿಯೇ ಬರಬೇಕು, ಅವನ್ನು ಒಂದೇ ಹಾಡು ಅಂತ ಎಣಿಸಿ: 'ಸ್ಪೀಕ್ ಟು ಮಿ' ಜೊತೆ 'ಬ್ರೀದ್', 'ಬ್ರೇನ್ ಡ್ಯಾಮೇಜ್' ಜೊತೆ 'ಎಕ್ಲಿಪ್ಸ್', 'ದ ಹ್ಯಾಪಿಯೆಸ್ಟ್ ಡೇಸ್ ಆಫ್ ಅವರ್ ಲೈವ್ಸ್' ಜೊತೆ 'ಅನದರ್ ಬ್ರಿಕ್' ಎರಡನೇ ಭಾಗ. ಈ ಕೊನೆಯ ಜೋಡಿ ಬಹಳ ಜನರಿಗೆ ಗೊತ್ತೇ ಇಲ್ಲ. ಮೊದಲ ಹಾಡಿನ ಕೊನೆಗೆ ಬರುವ ಕಿರುಚಾಟ ಇಲ್ಲದೆ ನೇರವಾಗಿ ಎರಡನೇ ಭಾಗ ಹಾಕಿದರೆ ಹಾಡು ನೆಲದಿಂದ ಮೇಲೇಳುವುದೇ ಇಲ್ಲ. ಅದರಲ್ಲಿ ಹಾಡಿದ ಮಕ್ಕಳು ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯವರು. ಶಾಲೆಯನ್ನೇ ಬೈಯುವ ಹಾಡನ್ನು ಶಾಲೆ ಮಕ್ಕಳ ಕೈಲೇ ಹಾಡಿಸಿದ್ದು.

ಪ್ರತಿ ಉದ್ದ ಹಾಡಿನ ಪಕ್ಕ ಒಂದು ಸಣ್ಣ ಹಾಡು ಇಡಿ. ಎಲ್ಪಿ ಕೊಳ್ಳುವ ಯೋಚನೆ ಇದ್ದರೆ ಪಟ್ಟಿ ಮುಗಿದ ಮೇಲೆ ಕೊಳ್ಳಿ, ಅದೂ ಗೆದ್ದ ಆಲ್ಬಂ ಒಂದನ್ನೇ. ದುಡ್ಡು ಸುಮ್ನೆ ಹೋಗುತ್ತದೆ ಇಲ್ಲಾಂದ್ರೆ. ಇನ್ನು 'ಎಕೋಸ್' ನಿಮ್ಮ ಪಟ್ಟಿಯಲ್ಲಿದ್ದರೆ ಅದನ್ನು ಕೊನೆಗೇ ಇಡಿ, ಅದರ ಬೆನ್ನಿಗೆ ಯಾವ ಹಾಡು ಬಂದರೂ ಪೇಲವವಾಗಿ ಕೇಳುತ್ತದೆ, ಪಾಪ.